ಹೊಂಗೆಮರದ ತಿರುವಿನ ಅಳತೆ

ಹೊಳೆದಂಡೆಯಲ್ಲಿ ಒಂದು ಹೆಂಚಿನ ಮನೆ. ಅದರೊಳಗೆ ಒಂದು ಕಂಪ್ಯೂಟರು, ಒಬ್ಬ ಮುದುಕರು, ಒಬ್ಬಳು ಶಿಷ್ಯೆ.

ಮುದುಕರು ನೀಲಕಂಠಯ್ಯನವರು. ಹೊಳೆ ಏರಿದರೆ ನೀರು ಎಲ್ಲಿಗೆ ನುಗ್ಗೀತು ಎಂಬ ಲೆಕ್ಕ ಕಲಿಸುತ್ತಿದ್ದರು. ಊರವರು ಆ ಮನೆಯನ್ನು ಆಶ್ರಮ ಎಂದು ಗೇಲಿ ಮಾಡುತ್ತಿದ್ದರು.

ಆ ವರ್ಷ ಹೊಳೆ ಏರತೊಡಗಿತು. ಹೊಳೆಗೆ ಕಟ್ಟಿದ ಮಣ್ಣಿನ ಒಡ್ಡಿನ ಕೆಳಗೆ ಅಂಬಿಗರ ಕೇರಿ. ಜನ ಗಂಟುಮೂಟೆ ಕಟ್ಟಿ ಕುಳಿತಿದ್ದರು. ಏಳಬೇಕೋ ಇರಬೇಕೋ, ಆಶ್ರಮ ಹೇಳಬೇಕಿತ್ತು.

ಶಿಷ್ಯೆ ದಾಕ್ಷಾಯಿಣಿ ಕಂಪ್ಯೂಟರಿನ ಲೆಕ್ಕದಲ್ಲಿ ಹೊಳೆ ಹರಿಸಿದಳು. ಲೆಕ್ಕ ಅರ್ಧದಲ್ಲಿ ನಿಂತಿತು. ಮತ್ತೆ ಹರಿಸಿದಳು. ಅಲ್ಲೇ ನಿಂತಿತು.

"ಗುರುಗಳೇ, ಈ ಯಂತ್ರಕ್ಕೆ ವಯಸ್ಸಾಯಿತು."

"ನನಗೂ ಆಗಿದೆ. ಎಲ್ಲಿ ನಿಂತಿತು?"

"ಎಲ್ಲೋ ಒಡ್ಡಿನ ಹತ್ತಿರ."

"ಎಲ್ಲೋ ಎಂಬ ಊರು ಈ ದಂಡೆಯಲ್ಲಿಲ್ಲ."

ಅಷ್ಟು ಹೇಳಿ ಅವರು ಮೇಲಿನ ಸೇತುವೆಯಲ್ಲಿ ನೀರಿನ ಮಟ್ಟ ನೋಡಲು ಹೋದರು.

ಅವಳು ಹುಡುಕಿದಳು. ಹೊಂಗೆಮರದ ತಿರುವಿನಲ್ಲಿ ಒಡ್ಡು ನೆಲಕ್ಕಿಂತ ಕೆಳಗಿದೆ ಎಂದಿತ್ತು ಅಳತೆ. ಅಲ್ಲಿಗೆ ಬಂದ ನೀರು ಹುಚ್ಚೆದ್ದು ಧುಮುಕುತ್ತಿತ್ತು, ಲೆಕ್ಕ ಕೈಚೆಲ್ಲುತ್ತಿತ್ತು.

ಒಡ್ಡು ಎಲ್ಲಾದರೂ ನೆಲಕ್ಕಿಂತ ಕೆಳಗಿರುತ್ತದೆಯೇ? ಅಳೆದವನು ಕಣ್ಣು ಮುಚ್ಚಿ ಬರೆದಿದ್ದಾನೆ, ಅಷ್ಟೆ. ಆಚೆಯದೊಂದು, ಈಚೆಯದೊಂದು ಅಳತೆ ಕೂಡಿಸಿ ಸರಾಸರಿ ತೆಗೆದು ಅಲ್ಲಿ ತುಂಬಿದಳು.

ಲೆಕ್ಕ ಕೊನೆಯವರೆಗೂ ಓಡಿತು. ಅದರಲ್ಲಿ ಕೇರಿಗೆ ಹನಿ ನೀರೂ ಬರಲಿಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು. ಕೇರಿಯ ಹಿರಿಯನಿಗೆ ಫೋನು ಮಾಡಿದಳು.

"ಏಳಬೇಡಿ ಅಜ್ಜಾ, ಗಂಟು ಬಿಚ್ಚಿ."

"ಖರೇನ ತಂಗಿ?"

"ಕಂಪ್ಯೂಟರೇ ಹೇಳಿದೆ."

"ಅದಕ್ಕೇನು ಬಿಡು, ಅದು ತೊಯ್ಯೂದಿಲ್ಲ," ಎಂದು ನಕ್ಕ ಹಿರಿಯ. ಆದರೂ ನಂಬಿದ. ಕೇರಿ ಗಂಟು ಬಿಚ್ಚಿತು.

ಗುರುಗಳು ನೆನೆದು ಬಂದರು.

"ಓಡಿತು, ಗುರುಗಳೇ!"

"ಹೇಗೆ?"

ಹೇಳಿದಳು. ಅವರು ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿದರು.

"ನಡಿ."

ತಿರುವಿನಲ್ಲಿ ಹೊಂಗೆಮರ ಇತ್ತು. ಒಡ್ಡು ಇರಲಿಲ್ಲ. ಇಟ್ಟಿಗೆ ಭಟ್ಟಿಯವರು ಮಣ್ಣನ್ನೆಲ್ಲ ಅಗೆದು ಒಯ್ದಿದ್ದರು. ಆಳದ ಹೊಂಡ, ಅದರ ತುಂಬ ಟ್ರ್ಯಾಕ್ಟರಿನ ಗಾಲಿ ಗುರುತು. ಆ ಗುರುತುಗಳಿಗೆ ಕೆಂಪು ನೀರು ಆಗಲೇ ಇಳಿಯತೊಡಗಿತ್ತು. ಆಚೆ ಕೇರಿಯಲ್ಲಿ ಒಲೆ ಹೊತ್ತಿಸಿದ ಹೊಗೆ.

"ಎಲ್ಲಿದೆ ನಿನ್ನ ಸರಾಸರಿ? ತೋರಿಸು," ಎಂದರು ಗುರುಗಳು.

ಅವಳು ಫೋನು ಮಾಡಿದಳು. ಮತ್ತೆ ಮಾಡಿದಳು. ಯಾರೂ ಎತ್ತಲಿಲ್ಲ.

"ಅಳತೆಯೇ ತಪ್ಪಿದೆ ಅಂದುಕೊಂಡೆ, ಗುರುಗಳೇ. ನಾನು ಹೇಳಿದ್ದಕ್ಕೇ ಅವರು ಉಳಿದರು. ಯಾವ ಮುಖ ಇಟ್ಟುಕೊಂಡು ಕ್ಷಮೆ ಕೇಳಲಿ?"

ಗುರುಗಳು ಕೇರಿಯ ಕಡೆ ಕೈ ತೋರಿಸಿದರು.

"ಕ್ಷಮಿಸುವುದಕ್ಕೆ ಅವರು ಇರಬೇಕಲ್ಲ. ಓಡು."