ಹನ್ನೆರಡು ಪೆಟ್ಟಿಗೆ

“ಗುರುಗಳೇ, ತಾನು ಮಾಡಿದ ಕೆಲಸದ ಬಗ್ಗೆ ಹೆಮ್ಮೆ ಪಡುವುದು ದೋಷವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬಳು ತಂತ್ರಜ್ಞೆ ಇದ್ದಳು. ರೇಷ್ಮೆ ನೂಲು ಬಿಚ್ಚುವ ಯಂತ್ರಗಳಿಗೆ ವೇಗ ಹಿಡಿತದಲ್ಲಿಡುವ ಪೆಟ್ಟಿಗೆ ಮಾಡಿಕೊಡುವುದು ಅವಳ ಕಸುಬು. ಪೆಟ್ಟಿಗೆಯೊಳಗೆ ಒಂದು ಎಲೆಕ್ಟ್ರಾನಿಕ್ ಚಿಪ್ಪು. ಅದರಲ್ಲಿ ಒಂದು ಸಂಖ್ಯೆ ಬರೆದಿಟ್ಟರೆ ಅದು ಆ ಸಂಖ್ಯೆಗೆ ತಕ್ಕ ವೋಲ್ಟೇಜನ್ನು ಹೊರಬಿಡುತ್ತದೆ. ಆ ವೋಲ್ಟೇಜಿಗೆ ತಕ್ಕಂತೆ ಮೋಟಾರು ತಿರುಗುತ್ತದೆ. ಹದವಾದ ವೇಗಕ್ಕೆ 1.65 ವೋಲ್ಟ್ ಬೇಕಿತ್ತು. ಅವಳು ಲೆಕ್ಕ ಹಾಕಿ 2048 ಎಂದು ಬರೆದಳು. ತನ್ನ ಮೇಜಿನ ಮೇಲೆ ಮೀಟರು ಹಿಡಿದು ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಂಥ ಹನ್ನೆರಡು ಪೆಟ್ಟಿಗೆ ಮಾರಿದಳು. ಆ ಸೀಮೆಯಲ್ಲಿ ತನ್ನಷ್ಟು ಕರಾರುವಾಕ್ಕಾಗಿ ಕೆಲಸ ಮಾಡುವವರಿಲ್ಲ ಎಂದು ಅವಳಿಗೆ ಅನ್ನಿಸಿತು. ಅದು ಸುಳ್ಳೂ ಆಗಿರಲಿಲ್ಲ.

ಒಂದು ದಿನ ನೂಲು ಬಿಚ್ಚುವ ಮುದುಕಿಯೊಬ್ಬಳು ಬಂದಳು.

“ನಿನ್ನ ಪೆಟ್ಟಿಗೆ ಹಾಕಿದ ಮೇಲೆ ನೂಲು ಒಮ್ಮೆ ಬಿಗಿ, ಒಮ್ಮೆ ಸಡಿಲ ಬರುತ್ತಿದೆ ತಾಯಿ. ಮಾರುಕಟ್ಟೆಯಲ್ಲಿ ಎರಡು ಸಲ ವಾಪಸು ಮಾಡಿದರು. ಇನ್ನೊಂದು ಸಲ ಹಾಗಾದರೆ ನನ್ನ ನೂಲನ್ನು ಯಾರೂ ಮುಟ್ಟುವುದಿಲ್ಲ.”

“ನನ್ನ ಲೆಕ್ಕ ತಪ್ಪುವುದಿಲ್ಲ ಅಜ್ಜಿ. ನಿಮಗೆ ವಯಸ್ಸಾಯಿತು, ಕೈ ನಡುಗುತ್ತಿರಬೇಕು.”

ಮುದುಕಿ ಸಿಟ್ಟಾಗಲಿಲ್ಲ. ಎರಡೂ ಕೈಗಳನ್ನು ಮುಂದೆ ಚಾಚಿ ಹಿಡಿದು ನಿಂತಳು. ಒಂದು ಬೆರಳೂ ಅಲುಗಲಿಲ್ಲ.

ತಂತ್ರಜ್ಞೆಗೆ ನಾಚಿಕೆಯಾಯಿತು. ಮೀಟರು ತೆಗೆದುಕೊಂಡು ಮುದುಕಿಯ ಹಿಂದೆಯೇ ಹೊರಟಳು.

ಅಲ್ಲಿ ಆ ಒಂದೇ ಪೆಟ್ಟಿಗೆಯಿಂದ ಎಂಟು ಯಂತ್ರಗಳು ನಡೆಯುತ್ತಿದ್ದವು. ಒಂದೇ ಯಂತ್ರ ತಿರುಗುವಾಗ ಮೀಟರು 1.65 ತೋರಿಸಿತು. ಎಂಟೂ ಯಂತ್ರಗಳು ತಿರುಗತೊಡಗಿದಾಗ 1.5ಕ್ಕೆ ಇಳಿಯಿತು. ಬರೆದ ಸಂಖ್ಯೆ ಇದ್ದ ಹಾಗೇ ಇತ್ತು. ಆಗ ಅವಳಿಗೆ ಹೊಳೆಯಿತು. ಚಿಪ್ಪಿನ ಪೂರ್ಣ ಅಳತೆ 4096; 2048 ಎಂದರೆ ಅದಕ್ಕೆ ಬಂದ ವೋಲ್ಟೇಜಿನಲ್ಲಿ ಅರ್ಧ, ಅಷ್ಟೆ. ಅವಳ ಮೇಜಿನ ಮೇಲೆ 3.3 ಬರುತ್ತಿತ್ತು. ಇಲ್ಲಿ ಹೊರೆ ಬಿದ್ದಾಗ ಮೂರೇ ಬರುತ್ತಿತ್ತು.

ಹೊರೆ ಬಿದ್ದರೂ ಕದಲದೆ ಎರಡೂವರೆ ವೋಲ್ಟನ್ನೇ ಕೊಡುವ ಬಿಡಿಭಾಗವೊಂದನ್ನು ಅವಳು ಚಿಪ್ಪಿಗೆ ಜೋಡಿಸಿದಳು. ಹೊಸದಾಗಿ ಲೆಕ್ಕ ಹಾಕಿ 2703 ಎಂದು ಬರೆದಳು. ಎಂಟೂ ಯಂತ್ರಗಳನ್ನು ತಿರುಗಿಸಿದಳು. ಮೀಟರನ್ನು ಬದಿಗಿಟ್ಟು, ಮುದುಕಿಯ ಬೆರಳುಗಳ ನಡುವೆ ನೂಲು ಹರಿಯುವುದನ್ನೇ ನೋಡುತ್ತ ಕಾದಳು. ಬಹಳ ಹೊತ್ತಿನ ಮೇಲೆ ಮುದುಕಿ ಸರಿಯಾಯಿತೆಂದು ತಲೆಯಾಡಿಸಿದಳು. ತಂತ್ರಜ್ಞೆ ತಾನು ಆಡಿದ ಮಾತಿಗೆ ಕ್ಷಮೆ ಕೇಳಿದಳು.

ಉಳಿದ ಹನ್ನೊಂದು ಪೆಟ್ಟಿಗೆಗಳ ಬಗ್ಗೆ ಯಾರೂ ದೂರಿರಲಿಲ್ಲ. ಆದರೂ ಅವಳು ಒಂದೊಂದೇ ಊರಿಗೆ ಹೋದಳು. ಪ್ರತಿಯೊಂದನ್ನೂ ಬಿಚ್ಚಿ ಸರಿಪಡಿಸಿದಳು. ಒಬ್ಬ ಯಜಮಾನ ನಕ್ಕ.

“ನಾವೇ ಸುಮ್ಮನಿದ್ದೇವೆ. ನಿಮ್ಮ ಕೆಲಸ ಕೆಟ್ಟಿದೆ ಎಂದು ನೀವೇ ಸಾರಿಕೊಂಡು ಬರುವುದೇ?”

“ನಿಮ್ಮ ನೂಲು ಕೆಡುತ್ತಿರುವುದು ನಿಮಗೆ ಗೊತ್ತಾಗಿಲ್ಲ. ನನಗೆ ಗೊತ್ತಾಗಿದೆ” ಎಂದು ಅವಳು ಪೆಟ್ಟಿಗೆಯ ಮುಚ್ಚಳ ತೆಗೆದಳು.

ಎಲ್ಲ ಮುಗಿಯಲು ಹತ್ತೊಂಬತ್ತು ದಿನ ಹಿಡಿಯಿತು. ಕೊನೆಯ ಪೆಟ್ಟಿಗೆಯ ತಿರುಪು ಬಿಗಿದ ದಿನ ಅವಳು ಬಸ್ಸಿಗೂ ಕಾಯದೆ, ಬಿಸಿಲಲ್ಲಿ ನೆಟ್ಟಗೆ ನಡೆದುಕೊಂಡೇ ಊರು ಸೇರಿದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

“ಅಂತೂ ಅವಳ ಹೆಮ್ಮೆ ಅಳಿಯಿತು” ಎಂದ ಶಿಷ್ಯ.

“ಅವಳಿಗೆ ಹೆಮ್ಮೆ ಬಂದದ್ದೇ ಊರಿಗೆ ನಡೆದು ಬಂದ ಆ ದಿನ, ಮಗು.”