ಸಂಜೆ ಬೆಳಕಿನಲ್ಲಿ ಒಂದು ಜಿಗಿತ

ತುಂಗಭದ್ರೆಯ ದಂಡೆಯಲ್ಲಿ ಜಂಬಯ್ಯನವರ ಗುಡಿಸಲು. ಅಂಬಿಗರ ಮನೆಯಲ್ಲಿ ಹುಟ್ಟಿ, ಹರಿಗೋಲು ಬಿಟ್ಟು ಕ್ಯಾಮೆರಾ ಹಿಡಿದವರು. ವಯಸ್ಸು ಎಪ್ಪತ್ತನಾಲ್ಕು. ನದಿಯ ಪ್ರಾಣಿಗಳ ಫೋಟೋ ತೆಗೆಯುವುದನ್ನು ಕಲಿಯಲು ವನಜಾಕ್ಷಿ ಅವರ ಬಳಿ ಬಂದು ಮೂರು ತಿಂಗಳಾಗಿತ್ತು.

ಅಲ್ಲಿ ನೀರುನಾಯಿಗಳು ಕಾಣಿಸುತ್ತಿದ್ದುದೇ ಹೊತ್ತು ಇಳಿದ ಮೇಲೆ. ಕಂಡರೂ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ.

ಒಂದು ಸಂಜೆ ಅವಳು ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾವನ್ನು ಗುರುಗಳತ್ತ ತಿರುಗಿಸಿ, ಆಗಷ್ಟೇ ತೆಗೆದ ಫೋಟೋಗಳನ್ನು ತೋರಿಸಿದಳು. ಬಂಡೆ ಚೊಕ್ಕಟವಾಗಿ ಬಂದಿತ್ತು. ಅದರ ಪಾಚಿಯೂ ಸ್ಪಷ್ಟ. ನೀರುನಾಯಿ ಇರಬೇಕಾದ ಕಡೆ ಮಾತ್ರ ಕಂದು ಬಣ್ಣದ ಮಸುಕು.

"ಯಾವ ಮೋಡ್?"

"ಎ ಮೋಡ್, ಗುರುಗಳೇ. ಲೆನ್ಸ್ ಎಷ್ಟು ತೆರೀಬೇಕು ಅನ್ನೋದು ನನ್ನ ಕೈಲಿರುತ್ತೆ. ಶಟರಿನ ವೇಗ ಕ್ಯಾಮೆರಾನೇ ನೋಡ್ಕೊಳ್ಳುತ್ತೆ."

"ಬೆಳಕು ಕಡಿಮೆಯಾದಾಗ ಅದೇನು ಮಾಡುತ್ತೆ?"

"ನಿಧಾನ ಮಾಡುತ್ತೆ."

"ಪ್ರಾಣಿ?"

ಅವಳು ಆ ಮಸುಕಿನ ಮೇಲೆ ಬೆರಳಿಟ್ಟಳು.

"ಎಸ್ ಮೋಡಿಗೆ ಹಾಕಿ ವೇಗ ನಾನೇ ಹಿಡಿದರೆ ಫೋಟೋ ಕಪ್ಪಾಗುತ್ತೆ. ಐಎಸ್‌ಒ ಏರಿಸಿದರೆ ಬೆಳಕೇನೋ ಬರುತ್ತೆ, ಆದರೆ ಮರಳು ಎರಚಿದ ಹಾಗೆ ಕಾಳುಕಾಳು. ಯಾವುದನ್ನ ಇಡಲಿ? ನೀವೇ ಹೇಳಿ."

ಜಂಬಯ್ಯ ಅಂಗಿ ಬಿಚ್ಚಿ ಮಡಚಿಟ್ಟರು. ಧೋತರ ಎತ್ತಿ ಕಟ್ಟಿದರು. ಎದುರಿನ ಬಂಡೆ ಹತ್ತತೊಡಗಿದರು.

"ಗುರುಗಳೇ, ಎಲ್ಲಿಗೆ?"

ತುದಿಯಲ್ಲಿ ನಿಂತು ಅವಳತ್ತ ತಿರುಗಿದರು. ಕೆಳಗೆ ಕಪ್ಪು ಮಡು.

"ಒಂದೇ ಸಲ ಹಾರ್ತೀನಿ. ಮೇಲೆ ಬರದೆ ಹೋದರೆ ಮನೆಯವರಿಗೆ ತೋರಿಸೋಕೆ ಒಂದು ಮುಖ ಬೇಕು. ತೆಗಿ."

ವನಜಾಕ್ಷಿ ಚೀರಿದಳು.

"ಬೇಡ! ಇಳೀರಿ ಕೆಳಗೆ!"

ಮುದುಕರು ಆಗಲೇ ಮೊಣಕಾಲು ಬಗ್ಗಿಸಿದ್ದರು.

ಅವಳು ಕ್ಯಾಮೆರಾವನ್ನು ಬಂಡೆಯತ್ತ ಹೊರಳಿಸಿದಳು. ಬೆರಳು ಡಯಲನ್ನು ಎಸ್‌ಗೆ ತಿರುಗಿಸಿತು. ವೇಗವನ್ನು ಸೆಕೆಂಡಿನ ಐನೂರನೇ ಒಂದು ಭಾಗಕ್ಕೆ ತಂದಿತು. ಐಎಸ್‌ಒ ಎಷ್ಟಾದರೂ ಏರಲಿ ಎಂದು ಕ್ಯಾಮೆರಾಕ್ಕೇ ಬಿಟ್ಟಿತು. ಕ್ಲಿಕ್ ಎಂದಾಗ ಅವರು ಗಾಳಿಯಲ್ಲಿದ್ದರು.

ನೀರು ಧಡ್ಡೆಂದು ಒಡೆದು, ಮತ್ತೆ ಕೂಡಿಕೊಂಡಿತು.

ಹತ್ತು ಎಣಿಸುವಷ್ಟು ಹೊತ್ತು ಕಳೆಯಿತು. ಇಪ್ಪತ್ತು. ತಲೆ ಮೇಲೆ ಬರಲಿಲ್ಲ.

ಅವಳಿಗೆ ಈಜು ಬರುತ್ತಿರಲಿಲ್ಲ. ಆದರೂ ನೀರಿಗೆ ಇಳಿದಳು. ಸೊಂಟದವರೆಗೆ ಹೋಗಿ, "ಗುರುಗಳೇ!" ಎಂದು ಕೂಗಿದಳು.

ದೂರದಲ್ಲಿ, ಜೊಂಡಿನ ಪಕ್ಕ, ಬಿಳಿ ತಲೆಯೊಂದು ಎದ್ದಿತು.

ಜಂಬಯ್ಯ ಏದುಸಿರು ಬಿಡುತ್ತಾ ದಂಡೆಗೆ ಬಂದು ಕೂತರು. ಅವಳು ಎದುರಿಗೆ ನಿಂತಳು.

"ನಿಮಗೇನಾದರೂ ಆಗಿದ್ದರೆ? ಹೀಗೂ ಯಾರಾದರೂ ಪಾಠ ಹೇಳ್ತಾರಾ?"

"ತೋರಿಸು."

ಅವಳು ಸ್ಟ್ಯಾಂಡಿನಿಂದ ಕ್ಯಾಮೆರಾ ಬಿಚ್ಚಿ ತಂದು ಅವರ ಮುಂದೆ ಹಿಡಿದಳು. ಚಿತ್ರದ ತುಂಬಾ ಕಾಳು. ಬಂಡೆ ಯಾವುದು, ಆಕಾಶ ಯಾವುದು ಎಂಬುದೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದರೆ ನಡುವೆ ಜಂಬಯ್ಯ ಇದ್ದರು. ಚಾಚಿದ ಎರಡು ಕೈ, ಹಣೆಯ ಗೆರೆ, ತೆರೆದ ಕಣ್ಣು, ಎಲ್ಲವೂ ಮಸುಕಿಲ್ಲದೆ ನಿಂತಿದ್ದವು.

ಅವರು ಬಹಳ ಹೊತ್ತು ನೋಡಿದರು.

"ಅಷ್ಟು ಬೇಗ ಹೇಗೆ ಬದಲಾಯಿಸಿದೆ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗೊತ್ತಿಲ್ಲ, ಗುರುಗಳೇ. ಇದೇ ಕೊನೇ ಫೋಟೋ ಅಂದ್ಕೊಂಡುಬಿಟ್ಟೆ."

"ಯಾವುದು ಕೊನೇದಲ್ಲ ಹೇಳು, ತಾಯಿ?"