ತಾವರೆ ದಂಟಿನ ಮೀನು

ಹತ್ತಿರ ಬನ್ನಿ ಮಕ್ಕಳೇ, ಕಾಡಿನ ಸಂತೆಗೆ ಹೋಗಿ ಬರೋಣ.

ದೊಡ್ಡದೊಂದು ಕಾಡಿನ ನಡುವೆ, ಹೊಂಗೆ ಮರದ ಕೆಳಗೆ ಪ್ರಾಣಿಗಳ ಸಂತೆ ಸೇರುತ್ತಿತ್ತು. ಮಳೆಗಾಲಕ್ಕೆ ಮುಂಚೆ ಎಲ್ಲರ ಗೂಡಿಗೂ ಮೆತ್ತನೆ ಹಾಸಿಗೆ ಬೇಕಲ್ಲ? ಅದಕ್ಕೇ ಅಲ್ಲಿ ಏನು ಕೊಂಡರೂ ಬೂರುಗದ ಹತ್ತಿ ಕೊಡಬೇಕಿತ್ತು.

ನೀರುನಾಯಿ ಗೌರಕ್ಕ ಮೀನು ಮಾರುತ್ತಿದ್ದಳು. ಅವಳದೊಂದು ಪದ್ಧತಿ. ಮೀನು ಯಾವ ನೀರಿನದೋ ಆ ದಡದ ಗಿಡದಿಂದಲೇ ಅದನ್ನು ಪೋಣಿಸುವಳು. ಕೊಳದ ಮೀನಿಗೆ ತಾವರೆ ದಂಟು, ಹಳ್ಳದ ಮೀನಿಗೆ ಲಕ್ಕಿ ಕಡ್ಡಿ. ನೋಡಿದರೆ ಸಾಕು, ಮೀನಿನ ಊರು ಗೊತ್ತಾಗುತ್ತಿತ್ತು. ಒಳ್ಳೆಯ ನೀರು ಹುಡುಕಿ ದೂರ ಹೋಗುವವಳು, ಮೀನಿಗೆ ಎರಡು ಹಿಡಿ ಹತ್ತಿ ಕೇಳುತ್ತಿದ್ದಳು.

ಒಂದು ಸಂತೆಯ ದಿನ ನರಿ ಸಿಂಗ್ರಪ್ಪ ಎದುರಿಗೇ ಮೀನು ಹರಡಿಕೊಂಡು ಕೂತ. "ಒಂದೇ ಹಿಡಿ! ಬನ್ನಿ ಬನ್ನಿ, ಒಂದೇ ಹಿಡಿ!"

ಎಲ್ಲರೂ ಅತ್ತ ನುಗ್ಗಿದರು. ಕಾಡುಬೆಕ್ಕು ಬೋರಮ್ಮನಿಗೂ ಆಸೆಯಾಯಿತು. ಆದರೆ ಅವಳ ಮರಿ ಚಿಣ್ಣಿ ಆಗತಾನೆ ಹಾಲು ಬಿಟ್ಟಿದ್ದಳು. ಈಚೆಗೆ ಎಂಥದೋ ಕೆಟ್ಟ ಮೀನು ತಿಂದು ಕೈತಪ್ಪಿ ಹೋಗುವಂತಾಗಿದ್ದಳು. ಬೋರಮ್ಮ ಕೇಳಿದಳು, "ಮಾವ, ಮೀನು ಎಲ್ಲಿಂದು?"

"ನೀರಿಂದು! ಮರದಿಂದ ಕಿತ್ಕೊಂಡು ಬರ್ತಾರಾ?"

ಸಂತೆಯೆಲ್ಲ ಗೊಳ್ಳೆಂದಿತು. ಮುಂಗುಸಿ ದ್ಯಾವಣ್ಣನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೊಟ್ಟೆಗೆ ಹೋದ ಮೇಲೆ ಮೀನು ತನ್ನ ಊರು ಹೇಳ್ತಾ ಕೂರುತ್ತಾ ಬೋರಮ್ಮ?"

"ಹೇಳುತ್ತೆ ದ್ಯಾವಣ್ಣ. ನಮ್ಮ ಚಿಣ್ಣಿ ಹೊಟ್ಟೆ ರಾತ್ರಿಯೆಲ್ಲ ಹೇಳಿತ್ತು."

ಅವಳು ನೆಟ್ಟಗೆ ಗೌರಕ್ಕನ ಹತ್ತಿರ ಹೋಗಿ ಎರಡು ಹಿಡಿ ಹತ್ತಿ ಇಟ್ಟಳು. "ಒಂದು ಹಿಡಿ ಮೀನಿಗೆ ಅಕ್ಕ, ಇನ್ನೊಂದು ನಿನ್ನ ದಂಟಿಗೆ" ಎಂದು ತಾವರೆ ದಂಟಿನ ಮೀನು ಕೊಂಡಳು. ಮನೆಯಲ್ಲಿ ಚಿಣ್ಣಿ ಮೀನು ಮುಗಿಸಿ, ದಂಟನ್ನೂ ಬಿಡದೆ ತುದಿಯಿಂದ ತುದಿಗೆ ಕಚ್ಚಿ ಆಡಿದಳು. ಗುಡಿಸುವಾಗ ಬೋರಮ್ಮ ಅದನ್ನು ದಾರಿಗೆ ಎಸೆದಳು.

ಮುಂದಿನ ಸಂತೆಗೆ ಗೌರಕ್ಕ ಇನ್ನೂ ಬಂದಿರಲಿಲ್ಲ. ಸಿಂಗ್ರಪ್ಪ ಮಾತ್ರ ತಾವರೆ ದಂಟಿಗೆ ಮೀನು ಪೋಣಿಸಿಕೊಂಡು ಕೂತಿದ್ದ! "ಕೊಳದ ಮೀನು, ಬೋರಮ್ಮ! ಎರಡು ಹಿಡಿ ಕೊಟ್ಟುಬಿಡು."

ಚಿಣ್ಣಿ ಆಗಲೇ ಬಾಯಿ ಚಪ್ಪರಿಸುತ್ತಿದ್ದಳು. ಬೋರಮ್ಮ ಹತ್ತಿ ಮುಂದೆ ಚಾಚಿದವಳು, ದಂಟು ನೋಡಿ ಕೈ ಹಿಂದಕ್ಕೆಳೆದುಕೊಂಡಳು. ದಂಟು ಬಾಡಿ ಸುಕ್ಕಾಗಿತ್ತು. ಅದರ ತುಂಬ ಸಣ್ಣ ಸಣ್ಣ ಹಲ್ಲಿನ ಗುರುತು.

"ಮಾವ, ಇದು ನನ್ನ ಮಗಳು ಕಚ್ಚಿ ಬಿಸಾಕಿದ ದಂಟು! ಚಿಣ್ಣಿ, ಬಾಯಿ ತೆಗಿಯೇ." ಮರಿಯ ಹಲ್ಲಿಗೆ ದಂಟು ಹಿಡಿದಳು. ಗುರುತು ಸರಿಯಾಗಿ ಕೂತಿತು. "ಈಗ ಈ ಮೀನು ನೀನೇ ತಿಂದು ತೋರಿಸು."

"ನಂಗೆ... ಇವತ್ತು ಉಪವಾಸ ಕಣಮ್ಮ."

ಅಷ್ಟರಲ್ಲಿ ಪೊದೆಯ ಹಿಂದೆ ಯಾರೋ ನರಳಿದರು. ನೋಡಿದರೆ ದ್ಯಾವಣ್ಣ! ಆಗಷ್ಟೇ ಸಿಂಗ್ರಪ್ಪನ ಮೀನು ತಿಂದು, ವಾಂತಿ ಮಾಡಿಕೊಂಡು ತೂರಾಡುತ್ತಿದ್ದ. ಎಲ್ಲರೂ ನರಿಯನ್ನು ಸುತ್ತುವರಿದರು.

"ಹೇಳ್ತೀನಿ, ಹೊಡೀಬೇಡಿ! ಈ ಸಲ ಕಾಡಿನ ಹಿಂದಿನ ನೀರಗುಂಡಿಗೆ ಯಾರೋ ಮೀನು ಹಿಡಿಯೋಕೆ ಅಂತ ಕಾರೆಕಾಯಿ ಜಜ್ಜಿ ಹಾಕಿದ್ರು. ಅದರ ವಿಷಕ್ಕೆ ಮೀನು ಸತ್ತು ತೇಲ್ತಿತ್ತು. ಬಾಚ್ಕೊಂಡು ಬಂದೆ. ದಂಟು ಕೀಳೋಕೆ ಕೊಳದವರೆಗೆ ಯಾರು ನಡೀತಾರೆ ಅಂತ ದಾರೀಲಿ ಬಿದ್ದಿದ್ದನ್ನೇ ಆರಿಸ್ಕೊಂಡೆ."

ಎಲ್ಲರೂ ತಮ್ಮ ತಮ್ಮ ಹತ್ತಿ ಕಿತ್ತುಕೊಂಡರು. ಆ ಮಳೆಗಾಲವೆಲ್ಲ ಸಿಂಗ್ರಪ್ಪ ಬರೀ ಬಂಡೆಯ ಮೇಲೆ ನಡುಗುತ್ತ ಮಲಗಿದ.

ದ್ಯಾವಣ್ಣ ಚೇತರಿಸಿಕೊಂಡು ಮರುಸಂತೆಗೆ ಎಲ್ಲರಿಗಿಂತ ಮೊದಲು ಬಂದ. ಎರಡು ಹಿಡಿ ಹತ್ತಿ ಇಟ್ಟು ಮೆಲ್ಲಗೆ ಕೇಳಿದ, "ಗೌರಕ್ಕ, ಮೀನು ಎಲ್ಲಿಂದು?"

"ಹಳ್ಳದ್ದು ಕಣೋ, ಲಕ್ಕಿ ಕಡ್ಡಿ ಕಾಣಿಸಲ್ವಾ? ಮರದಿಂದ ಕಿತ್ತದ್ದಲ್ಲ!"

ಈ ಸಲ ಬೋರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನೀತಿ: ತಿನ್ನುವ ವಸ್ತು ಎಲ್ಲಿಂದ ಬಂತೆಂದು ಕೇಳಿ ಕೊಳ್ಳಬೇಕು, ನಿಜ ಹೇಳಿ ಮಾರುವವರಿಗೆ ಒಂದು ಹಿಡಿ ಹೆಚ್ಚು ಕೊಟ್ಟರೆ ನಷ್ಟವಿಲ್ಲ.